ಟಿವಿಯವರು ಹೋದ ಮೇಲೆ ಬರುವ ಮಳೆ

ನವೆಂಬರ್ ಬಂತೆಂದರೆ ಸಿಂಧನೂರು ಕಡೆ ನಮಗೆಲ್ಲ ಬಂಗಾಳಕೊಲ್ಲಿಯ ಮೇಲೆ ಒಂದು ಕಣ್ಣು. ಇಲ್ಲಿ ಭತ್ತ ಕೊಯ್ಲಿಗೆ ಬಂದಿರುತ್ತದೆ, ಅಲ್ಲಿ ಚಂಡಮಾರುತ ಏಳುತ್ತದೆ. ಎರಡು ದಿನ ಟಿವಿಯಲ್ಲಿ ಅದೇ ಸುದ್ದಿ. ವರದಿಗಾರರು ರೇನ್‌ಕೋಟ್ ಹಾಕಿಕೊಂಡು, ಮೈಕ್ ಹಿಡಿದು, ಕಡಲ ದಂಡೆಯಲ್ಲಿ ಓಲಾಡುತ್ತಾರೆ. ಆಮೇಲೆ ‘ಚಂಡಮಾರುತ ದುರ್ಬಲ, ಜನ ನಿರಾಳ’ ಅಂತ ಕೆಳಗೊಂದು ಸಾಲು ಓಡುತ್ತದೆ. ಮುಗೀತು. ಮತ್ತೆ ರಾಜಕೀಯ.

ನನ್ನ ತಕರಾರು ಇಲ್ಲೇ ಇರುವುದು. ಇಳಿದಿದ್ದು ಗಾಳಿ. ನಿರಾಳ ಆಗಿದ್ದು ಯಾರು?

ಹವಾಮಾನ ಇಲಾಖೆ ದರ್ಜೆ ಕೊಡುವುದು ಗಾಳಿಯ ವೇಗ ನೋಡಿ. ಗಂಟೆಗೆ 62 ಕಿ.ಮೀ. ಮುಟ್ಟಿದರೆ ಚಂಡಮಾರುತ, ಆಗ ಅದಕ್ಕೊಂದು ಹೆಸರು. 89 ಮುಟ್ಟಿದರೆ ತೀವ್ರ ಚಂಡಮಾರುತ. 62ಕ್ಕಿಂತ ಕೆಳಗಿಳಿದರೆ ವಾಯುಭಾರ ಕುಸಿತ. ಮಳೆ ಎಷ್ಟು, ಸಮುದ್ರ ಎಷ್ಟು ಉಕ್ಕಿದೆ ಅನ್ನುವುದು ಈ ಲೆಕ್ಕದಲ್ಲಿ ಬರುವುದೇ ಇಲ್ಲ. ಇಲಾಖೆಯವರು ಅವನ್ನು ಬೇರೆಯಾಗಿ, ಅದೇ ಬುಲೆಟಿನ್‌ನಲ್ಲಿ ಬರೆದಿರುತ್ತಾರೆ. ಓದುವ ಪುರಸೊತ್ತು ಚಾನೆಲ್‌ಗಳಿಗಿಲ್ಲ, ಅಷ್ಟೇ.

ಬಿಸಿಯಾದ ಸಮುದ್ರದ ನೀರಿನಿಂದಲೇ ಚಂಡಮಾರುತಕ್ಕೆ ಬಲ. ನೆಲಕ್ಕೆ ಬಂದ ಮೇಲೆ ಅದು ಸಿಗುವುದಿಲ್ಲ, ಗಾಳಿ ಬೇಗ ಸಣ್ಣದಾಗುತ್ತದೆ. ಆದರೆ ಹೊತ್ತು ತಂದ ತೇವ ಎಲ್ಲಾದರೂ ಸುರಿಯಲೇಬೇಕಲ್ಲ. ಅದರಲ್ಲೂ ಒಂದೇ ಕಡೆ ನಿಂತುಬಿಟ್ಟರೆ ಕಥೆ ಮುಗಿದಂತೆ. 2024ರ ನವೆಂಬರ್ 30ರ ರಾತ್ರಿ ಫೆಂಗಲ್ ಚಂಡಮಾರುತ ಪುದುಚೇರಿ ಹತ್ತಿರ ದಡ ಮುಟ್ಟಿತು. ಗಾಳಿ ಅಂಥದ್ದೇನಿರಲಿಲ್ಲ. ಆದರೆ ಅದು ಗಂಟೆಗಟ್ಟಲೆ ಅಲ್ಲಾಡದೆ ಕೂತಿತು. ಪುದುಚೇರಿಯಲ್ಲಿ ಒಂದೇ ದಿನಕ್ಕೆ ಸುಮಾರು 48 ಸೆಂ.ಮೀ. ಮಳೆ. ನಮ್ಮ ರಾಯಚೂರು ಜಿಲ್ಲೆಗೆ ವರ್ಷವಿಡೀ ಬೀಳುವುದೇ 60 ಸೆಂ.ಮೀ. ಆಸುಪಾಸು, ಯೋಚನೆ ಮಾಡಿ. ಡಿಸೆಂಬರ್ 1ಕ್ಕೆ ಫೆಂಗಲ್ ದುರ್ಬಲವಾಯಿತು. ಅದೇ ಸಂಜೆ ತಿರುವಣ್ಣಾಮಲೈನಲ್ಲಿ ಗುಡ್ಡ ಕುಸಿದು ಏಳು ಜನ ಹೋದರು, ಅದರಲ್ಲಿ ಮಕ್ಕಳೇ ಜಾಸ್ತಿ. ಸಮುದ್ರದಿಂದ ಎಷ್ಟೋ ಒಳಗಿರುವ ಕೃಷ್ಣಗಿರಿ ಜಿಲ್ಲೆಯ ಊತ್ತಂಗರೈಗೆ 50 ಸೆಂ.ಮೀ. ಸುರಿದದ್ದೂ ದುರ್ಬಲವಾದ ಮೇಲೆಯೇ.

ದಂಡೆಯವರ ಕಷ್ಟ ನಮಗೆ ಕೇಳಿ ಗೊತ್ತು. ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪ, ಎಲ್ಲಾ ಕಡೆ ಕ್ಯಾಂಪು ಅನ್ನುವ ವಲಸೆ ಬಂದವರ ಊರುಗಳಿವೆ. ತುಂಗಭದ್ರಾ ಕಾಲುವೆಗೆ ನೀರು ಬಂದಮೇಲೆ ಆಂಧ್ರ ಕರಾವಳಿಯ ಕೃಷ್ಣಾ, ಗುಂಟೂರು, ಗೋದಾವರಿ ಸೀಮೆಯಿಂದ ಬಂದು ನೆಲೆಸಿದವರು. ನೆಂಟರು ಇನ್ನೂ ಅಲ್ಲೇ ಇದ್ದಾರೆ. ನಮ್ಮ ಪಕ್ಕದ ಹೊಲದ ರಾವ್ ಅವರು ಚಂಡಮಾರುತ ಬಂದಾಗಲೆಲ್ಲ ಅವರ ಅಕ್ಕನಿಗೆ ಫೋನ್ ಹಚ್ಚುತ್ತಾರೆ. ಕೇಳಿದರೆ ಪ್ರತಿಸಲ ಅದೇ ಉತ್ತರ: “ಗಾಳಿ ನಿಂತೈತಂತ್ರಿ. ನೀರು ಮಾತ್ರ ಹೋಗವಲ್ದಂತ.”

ಹೋಗುವುದಾದರೂ ಎಲ್ಲಿಗೆ? ಕೃಷ್ಣೆಯ ಮುಖಜ ಭೂಮಿ ಸಪಾಟು, ಸಮುದ್ರಕ್ಕಿಂತ ನಾಕು ಮೀಟರೂ ಎತ್ತರವಿಲ್ಲದ ಊರುಗಳು ಬೇಕಾದಷ್ಟು. ಬಸಿಗಾಲುವೆಗಳೆಲ್ಲ ಹೋಗಿ ಸಮುದ್ರ ಸೇರಬೇಕು. ಗಾಳಿ ತಳ್ಳಿ ತಂದ ಸಮುದ್ರವೇ ಉಬ್ಬಿ ನಿಂತಿದ್ದರೆ, ಜೊತೆಗೆ ಕಡಲುಬ್ಬರದ ಹೊತ್ತೂ ಸೇರಿಕೊಂಡರೆ, ಮಳೆನೀರು ವಾಪಸ್ ಊರೊಳಗೇ ನುಗ್ಗುತ್ತದೆ. ಹೊಲಕ್ಕೆ ಉಪ್ಪುನೀರು ಹತ್ತಿದರೆ ಮುಂದಿನ ಬೆಳೆಗೂ ಪೆಟ್ಟು. ನೆಲ ನೆಂದು ಸಡಿಲವಾಗಿರುತ್ತದೆ, ಸಣ್ಣ ಗಾಳಿಗೂ ಮರ, ಕಂಬ ಉರುಳುತ್ತವೆ. ಬಿದ್ದ ತಂತಿ ನೀರಲ್ಲಿ. ಹಾವುಗಳು ಮನೆಯೊಳಗೆ. ಬಿಸಿಲು ಬಂತೆಂದು ಮೀನುಗಾರರು ದೋಣಿ ಇಳಿಸುವ ಹಾಗೂ ಇಲ್ಲ, ಅಲೆಗಳ ಅಬ್ಬರ ಇನ್ನೂ ಒಂದೆರಡು ದಿನ ಇರುತ್ತದೆ. ದಿನದ ದುಡಿಮೆ ನಂಬಿದವರು ಎಷ್ಟು ದಿನ ಅಂತ ಕಾಯುತ್ತಾರೆ ಹೇಳಿ?

ಕ್ಯಾಂಪಿನ ಹಿರಿಯರು ಈಗಲೂ 1977ರ ನವೆಂಬರ್ 19ರ ಮಾತೆತ್ತುತ್ತಾರೆ. ಕೃಷ್ಣೆಯ ಮುಖಜ ಭೂಮಿಯ ದಿವಿಸೀಮೆ. ಹತ್ತು ಸಾವಿರ ಜನ ಸತ್ತರು. ಅದು ದುರ್ಬಲ ಚಂಡಮಾರುತವಲ್ಲ, ಭಾರೀ ಗಾಳಿಯೇ ಇತ್ತು. ಆದರೂ ಅಷ್ಟು ಜನರನ್ನು ಕೊಂಡೊಯ್ದದ್ದು ಊರಮೇಲೆ ಎದ್ದುಬಂದ ಸಮುದ್ರದ ನೀರು.

ಇನ್ನು ನಮ್ಮ ಕಡೆ. ಸಮುದ್ರ ನೂರಾರು ಕಿಲೋಮೀಟರ್ ದೂರ, ಹಾಗಾಗಿ ನಮಗೆ ಬಂದು ಮುಟ್ಟುವುದೇ ಅದರ ದುರ್ಬಲ ರೂಪ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರ ನೆನಪಿದೆಯಲ್ಲ? ಬಂಗಾಳಕೊಲ್ಲಿಯಲ್ಲಿ ಎದ್ದ ಒಂದು ಕಡಿಮೆ ಒತ್ತಡ. ಅದಕ್ಕೊಂದು ಹೆಸರೂ ಇರಲಿಲ್ಲ. ನಮ್ಮ ಜಿಲ್ಲೆಯ ಹೊಳೆದಂಡೆಯ ಊರುಗಳು, ಆಚೆ ಮಂತ್ರಾಲಯ, ಕರ್ನೂಲು, ಎಲ್ಲಾ ಮುಳುಗಿದವು. ಹೆಸರಿಲ್ಲದ್ದಕ್ಕೆ ಟಿವಿಯಲ್ಲಿ ಮುನ್ನೆಚ್ಚರಿಕೆಯ ಗದ್ದಲವೂ ಇಲ್ಲ, ನೋಡಿ.

ಪ್ರವಾಹ ಬರದ ವರ್ಷವೂ ಭತ್ತ ಕೆಡಿಸಲು ಎರಡು ದಿನದ ಜಿಟಿಜಿಟಿ ಮಳೆ ಸಾಕು. ತೆನೆ ತೂಗುವ ಸೋನಾ ಮಸೂರಿ ಮಲಗಿಬಿಡುತ್ತದೆ. ನೀರು ನಿಂತ ಗದ್ದೆಗೆ ಟೈರಿನ ಕೊಯ್ಲು ಮಷಿನ್ ಇಳಿಯುವುದಿಲ್ಲ. ಚೈನ್ ಮಷಿನ್ನೇ ಬೇಕು, ಅದಕ್ಕೆ ಬಾಡಿಗೆ ಜಾಸ್ತಿ, ಸರದಿ ಬೇರೆ. ರಸ್ತೆಯಲ್ಲಿ ಒಣಗಲು ಹಾಕಿದ್ದಕ್ಕೆ ತಾಡಪತ್ರಿ ಮುಚ್ಚಿದರೆ ಒಳಗೇ ಬಿಸಿಯಾಗಿ ಮೊಳಕೆ. ತೇವ ಶೇಕಡಾ 17 ದಾಟಿದರೆ ಸರ್ಕಾರಿ ಖರೀದಿಯಲ್ಲೂ ತೆಗೆದುಕೊಳ್ಳುವುದಿಲ್ಲ. ವ್ಯಾಪಾರಿ ಮುಷ್ಟಿ ಕಾಳು ಮೂಸಿ ನೋಡಿ, ತಾನು ಹೇಳಿದ್ದೇ ರೇಟು ಅನ್ನುತ್ತಾನೆ.

ಚಾನೆಲ್‌ನವರು ನಮ್ಮ ಭತ್ತ ತೋರಿಸಲಿ ಅಂತ ಕೇಳುತ್ತಿಲ್ಲ. ‘ದುರ್ಬಲ’ ಅನ್ನುವ ಸಾಲಿನ ಪಕ್ಕದಲ್ಲೇ ಮುಂದಿನ ಎರಡು ದಿನ ಎಲ್ಲಿ ಎಷ್ಟು ಮಳೆ, ಸಮುದ್ರ ಎಲ್ಲಿ ಉಬ್ಬಿದೆ ಅಂತ ಹಾಕಲಿ. ಈ ಮಾಹಿತಿ ಹವಾಮಾನ ಇಲಾಖೆಯಿಂದ ಪುಕ್ಕಟೆ ಸಿಗುತ್ತದೆ.

ಹಾಂ, ಫಸಲ್ ಬಿಮಾ, ಅಂದರೆ ಬೆಳೆ ವಿಮೆ ಕಟ್ಟಿದವರಿಗೆ ಒಂದು ಮಾತು. ಕೊಯ್ದು ಹೊಲದಲ್ಲೇ ಒಣಗಲು ಬಿಟ್ಟ ಬೆಳೆ ಚಂಡಮಾರುತದ ಮಳೆಗೆ ಅಥವಾ ಅಕಾಲ ಮಳೆಗೆ ಕೆಟ್ಟರೆ, ಕೊಯ್ಲಾದ 14 ದಿನದವರೆಗೆ ಪರಿಹಾರ ಕೇಳಬಹುದು. ಆದರೆ ಬೆಳೆ ಕೆಟ್ಟ 72 ಗಂಟೆಯೊಳಗೆ ವಿಮೆಯವರಿಗೆ ತಿಳಿಸಬೇಕು. ಮಳೆ ನಿಲ್ಲಲಿ, ಆಮೇಲೆ ನೋಡೋಣ ಅಂತ ಕೂರಬೇಡಿ. ಗದ್ದೆಯಲ್ಲಿ ನಿಂತೇ ಫೋಟೊ ತೆಗೆದು, ಅವತ್ತೇ ಫೋನ್ ಮಾಡಿ.