ಸತ್ಯಾಂಶ: ಜೂನ್‌ನಲ್ಲಿ ಮೀನು ಕೊಂಡರೆ ಕೇಸು ಬೀಳುತ್ತಾ?

ಮಳೆಗಾಲ ಶುರುವಾದರೆ ಮಂಡ್ಯ, ಮೈಸೂರಿನ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತದೆ: 'ಜೂನ್, ಜುಲೈನಲ್ಲಿ ದೇಶದಲ್ಲೆಲ್ಲೂ ಮೀನು ಹಿಡಿಯುವಂತಿಲ್ಲ. ಅಂಗಡಿಯಲ್ಲಿರುವುದೆಲ್ಲ ಕಳ್ಳ ಮೀನು, ಕೊಂಡವರಿಗೂ ಕೇಸು.'

ಇದು ತಪ್ಪು. ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧ ಇರುವುದು ನಿಜ. ಆದರೆ ಅದು ಪಶ್ಚಿಮ ಕರಾವಳಿಯ ಸಮುದ್ರಕ್ಕೆ, ಮೀನು ಮೊಟ್ಟೆಯಿಡುವ ಕಾಲ ಅಂತ. ಮೋಟಾರ್ ಇಲ್ಲದ ನಾಡದೋಣಿಗಳಿಗೆ ಆಗಲೂ ವಿನಾಯಿತಿ ಇದೆ. ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ. ಹಾಗಾಗಿ ಜುಲೈನಲ್ಲಿ ಚೆನ್ನೈ ಕಡೆಯ ಮೀನು ಮೈಸೂರಿಗೆ ಬಂದರೆ ಅದು ಕಳ್ಳ ಮಾಲೇನಲ್ಲ. ನಿಷೇಧ ಇರುವುದು ಸಮುದ್ರಕ್ಕಿಳಿಯುವ ದೋಣಿಗೆ, ಬಂಗುಡೆ ಸಾರು ಮಾಡುವವರಿಗಲ್ಲ, ಅಲ್ವಾ?

ತೀರದಿಂದ 12 ನಾಟಿಕಲ್ ಮೈಲಿವರೆಗೆ ರಾಜ್ಯದ ಕಾನೂನು, ಕರ್ನಾಟಕದ್ದು 1986ರದು. ಅದರಾಚೆ 200 ಮೈಲಿವರೆಗೆ ಕೇಂದ್ರದ್ದು. ಜೋಡಿ ದೋಣಿಯಲ್ಲಿ ಬಲೆ ಎಳೆಯುವುದು, ಎಲ್‌ಇಡಿ ದೀಪ ಹಾಕಿ ಮೀನು ಸೆಳೆಯುವುದು ಅಲ್ಲಿ 2017ರಿಂದ ನಿಷಿದ್ಧ, ವರ್ಷವಿಡೀ. ಅಕ್ರಮ ಅಂದರೆ ಇಂಥದ್ದು.

ಕೆಆರ್‌ಎಸ್ ಹಿನ್ನೀರಿಗೆ, ನಮ್ಮ ಕೆರೆಗಳ ಕಾಟ್ಲಾ, ರೋಹುಗೆ ಈ ಸಮುದ್ರದ ನಿಷೇಧ ತಾಗೋದಿಲ್ಲ. ಹಾಗಂತ ಸುಮ್ನೆ ಬಲೆ ಬೀಸುವಂತಿಲ್ಲ. ಪರವಾನಗಿಯೋ ಗುತ್ತಿಗೆಯೋ ಬೇಕು. ಮದ್ದು ಸಿಡಿಸಿ, ವಿಷ ಹಾಕಿ ಮೀನು ಹಿಡಿಯುವುದನ್ನಂತೂ 1897ರ ಮೀನುಗಾರಿಕೆ ಕಾಯ್ದೆಯೇ ಅಪರಾಧ ಎಂದಿತ್ತು. ಈಗಲೂ ಅಪರಾಧವೇ, ಯಾವ ತಿಂಗಳಾದರೂ.