ಎಷ್ಟು ಗಂಟೆಗೆ ಶುರುವಾಯ್ತು?

ನಮ್ಮ ಮಂಡ್ಯ ಕಡೆ ಬೀಗರ ಊಟ ಮುಗಿದ ಮೇಲೆ ನಾಲ್ಕು ಜನಕ್ಕೆ ವಾಂತಿ-ಭೇದಿ ಆದರೆ ಸಾಕು, ತೀರ್ಪು ಬಂದುಬಿಡುತ್ತದೆ. "ಮಟನ್ ಹಳೇದು ಕಣ್ರೀ." ರಾತ್ರಿಯೊಳಗೆ ವಾಟ್ಸಾಪ್ ಗ್ರೂಪಿನಲ್ಲಿ ಅಡುಗೆಯವರ ಮಾನ ಹರಾಜಾಗಿರುತ್ತದೆ. ಯಾರು ಮಾಡಿದ್ದು, ಎಲ್ಲಿಂದ ತಂದದ್ದು, ದುಡ್ಡು ಉಳಿಸೋಕೆ ಹೋಗಿ ಹೀಗಾಯ್ತಾ, ಎಲ್ಲ ಚರ್ಚೆ ಆಗುತ್ತದೆ. ಯಾರಿಗೆ ಎಷ್ಟು ಗಂಟೆಗೆ ಶುರುವಾಯ್ತು ಅಂತ ಮಾತ್ರ ಒಬ್ಬರೂ ಕೇಳಲ್ಲ. ನನ್ನ ಪ್ರಕಾರ ಮೊದಲು ಕೇಳಬೇಕಾದ್ದು ಅದನ್ನೇ.

ಯಾಕೆ ಅಂದ್ರೆ, ಗಂಟೆ ಗೊತ್ತಾದರೆ ಅರ್ಧ ವಿಷಯ ಗೊತ್ತಾದ ಹಾಗೆ. ಉಂಡು ಒಂದರಿಂದ ಆರು ಗಂಟೆಯೊಳಗೆ ಜೋರು ವಾಂತಿ, ಜ್ವರ ಇಲ್ಲ ಅಂದ್ರೆ ಅನುಮಾನ ಹೋಗುವುದು ಊಟದೊಳಗೇ ತಯಾರಾಗಿ ಕೂತಿದ್ದ ವಿಷದ ಮೇಲೆ. ಸ್ಟೆಫೈಲೊಕಾಕಸ್ ಅನ್ನೋ ಬ್ಯಾಕ್ಟೀರಿಯಾ ಮೂಗಿನಲ್ಲಿ, ಬೆರಳಿನ ಕೀವುಗಾಯದಲ್ಲಿ ಇರುತ್ತದೆ. ಆ ಕೈಯಲ್ಲಿ ಮುಟ್ಟಿದ ಸಿಹಿ ಸೆಕೆಯಲ್ಲಿ ನಾಲ್ಕೈದು ಗಂಟೆ ಕೂತರೆ ಸಾಕು. ಅನ್ನದ್ದು ಇನ್ನೊಂದು ಕಥೆ. ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾ ಬೆಂದರೂ ಸಾಯದೆ ಉಳಿಯುತ್ತದೆ, ಮಾಡಿಟ್ಟ ಅನ್ನ ಹೊರಗೆ ಆರುತ್ತಾ ಕೂತಾಗ ಬೆಳೆಯುತ್ತದೆ. ವಾಂತಿ ತರಿಸುವ ಇವೆರಡರ ವಿಷವೂ ಮತ್ತೆ ಬಿಸಿ ಮಾಡಿದರೆ ಹೋಗಲ್ಲ. ಮಾರನೇ ದಿನ ಜ್ವರ, ಹೊಟ್ಟೆನುಲಿತ, ಭೇದಿ ಶುರುವಾದರೆ ಸಾಲ್ಮೊನೆಲ್ಲಾ ಥರದ ಬ್ಯಾಕ್ಟೀರಿಯಾ ಹುಡುಕಬೇಕು. ಗಂಜಿ ತಿಳಿಯಂಥ ಭೇದಿ ಬಿಡದೆ ಆಗ್ತಿದ್ರೆ ಕಾಲರಾ ಇರಬಹುದು. ಅದಕ್ಕೆ ಕೆಲವು ಗಂಟೆಯಿಂದ ಐದು ದಿನದವರೆಗೆ ಹಿಡಿಯುತ್ತದೆ, ಅಂದರೆ ಹಿಂದಿನ ವಾರ ಎಲ್ಲೆಲ್ಲಿ ನೀರು ಕುಡಿದಿರಿ ಅಂತ ಕೇಳಬೇಕಾಗುತ್ತದೆ. ಹೆಪಟೈಟಿಸ್ ಎ ಕಾಮಾಲೆ ಕಾಣಿಸಿಕೊಳ್ಳೋಕೆ ಎರಡರಿಂದ ಏಳು ವಾರ. ಅಷ್ಟರಲ್ಲಿ ಮದುವೆಯ ಫೋಟೋ ಆಲ್ಬಮ್ಮೇ ಬಂದಿರುತ್ತದೆ, ಯಾರಿಗೆ ನೆನಪಿರುತ್ತೆ ಹೇಳಿ?

ನಮ್ಮ ಅತ್ತಿಗೆ ಆಶಾ ಕಾರ್ಯಕರ್ತೆ. ಪಕ್ಕದ ಬೀದಿಯ ಗೃಹಪ್ರವೇಶದ ಊಟ ಕೈಕೊಟ್ಟಾಗ ಮಗನ ಹಳೇ ನೋಟ್‌ಬುಕ್ಕಿಗೆ ಗೆರೆ ಎಳೆದುಕೊಂಡು ಮನೆಮನೆಗೆ ಹೊರಟರು. ಹೆಸರು, ವಯಸ್ಸು, ಎಷ್ಟು ಹೊತ್ತಿಗೆ ಉಂಡಿದ್ದು, ಏನೇನು ಉಂಡಿದ್ದು, ವಾಂತಿ ಮೊದಲೋ ಭೇದಿ ಮೊದಲೋ, ಎಷ್ಟು ಗಂಟೆಗೆ. ಆರಾಮಾಗಿ ಜಗಲಿ ಮೇಲೆ ಕೂತಿದ್ದ ಒಬ್ಬ ಹಿರಿಯರಿಗೆ ಸಿಟ್ಟು ಬಂತು. "ನಂಗೇನೂ ಆಗಿಲ್ವಲ್ಲವ್ವ, ನನ್ನನ್ಯಾಕೆ ಕೇಳ್ತೀಯ?" ಅಂದರು. "ಅದಕ್ಕೇ ಕೇಳ್ತಿರೋದು ಮಾವ" ಅಂದರು ಅತ್ತಿಗೆ.

ಇಡೀ ವಿದ್ಯೆ ಆ ಉತ್ತರದಲ್ಲಿದೆ. ಕಾಯಿಲೆ ಬಿದ್ದವರನ್ನಷ್ಟೇ ಕೇಳಿದರೆ ಎಲ್ಲರೂ ಮಟನ್ ತಿಂದಿರ್ತಾರೆ. ಬೀಗರ ಊಟಕ್ಕೆ ಬಂದು ಮಟನ್ ಬಿಟ್ಟವರು ಎಷ್ಟು ಜನ? ಆರಾಮಾಗಿದ್ದವರೂ ಅದನ್ನೇ ತಿಂದಿದ್ದರೆ ಮಟನ್ ಮೇಲಿನ ಅನುಮಾನ ಇಳಿಯುತ್ತದೆ. 1940ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಆಸ್ವೀಗೊ ಅನ್ನೋ ಕಡೆ ಚರ್ಚಿನ ಊಟಕ್ಕೆ ಹೋದ 75 ಜನರನ್ನು ಹೀಗೇ ವಿಚಾರಿಸಿದರು. 46 ಜನಕ್ಕೆ ಕಾಯಿಲೆ ಆಗಿತ್ತು. ವೆನಿಲ್ಲಾ ಐಸ್‌ಕ್ರೀಮ್ ತಿಂದ 54 ಜನರಲ್ಲಿ 43 ಜನ ಮಲಗಿದ್ದರು, ತಿನ್ನದ 21 ಜನರಲ್ಲಿ ಬರೀ ಮೂವರು. ಇವತ್ತಿಗೂ ಈ ಪಾಠ ಕಲಿಸುವಾಗ ಇದೇ ಲೆಕ್ಕ ಕೊಡ್ತಾರೆ.

ಪೂರ್ತಿ ವಿಚಾರಿಸೋ ಮೊದಲೇ ಬೆರಳು ತೋರಿಸಿದರೆ ಏನಾಗುತ್ತೆ ಅನ್ನೋದಕ್ಕೆ 2011ರ ಜರ್ಮನಿ ನೋಡಿ. ಇ-ಕೋಲಿ ಅನ್ನೋ ಬ್ಯಾಕ್ಟೀರಿಯಾದ ಸೋಂಕಿಗೆ ಐವತ್ತಕ್ಕೂ ಹೆಚ್ಚು ಜನ ಸತ್ತರು. ಮೊದಲು ಹೆಸರು ಬಂದದ್ದು ಸ್ಪೇನಿನ ಸೌತೆಕಾಯಿಗೆ. ಅಲ್ಲಿನ ರೈತರು ಬೆಳೆದದ್ದನ್ನು ಕೊಳ್ಳುವವರಿಲ್ಲದೆ ಸುರಿದರು. ಕೊನೆಗೆ ಸಿಕ್ಕಿದ್ದು ಮೊಳಕೆ ಬರಿಸಿದ ಮೆಂತ್ಯ! ನಮ್ಮೂರ ಅಡುಗೆಯವರ ಪರ ಮಾತಾಡೋಕೆ ಸ್ಪೇನಿನ ರೈತರಷ್ಟು ದೊಡ್ಡ ಸಂಘವೂ ಇಲ್ಲ.

ಇನ್ನು ಮರ್ಯಾದೆ ಪ್ರಶ್ನೆ. ಸುದ್ದಿ ಹಬ್ಬುತ್ತಿದ್ದ ಹಾಗೇ ಮದುವೆ ಮನೆಯವರು ಮಾಡುವ ಮೊದಲ ಕೆಲಸ, ಉಳಿದದ್ದನ್ನು ಚೆಲ್ಲಿ ಕೊಳಗ, ಕಡಾಯಿ ತಿಕ್ಕಿ ಬೋರಲು ಹಾಕೋದು. ಪರೀಕ್ಷೆಗೆ ಬೇಕಾಗಿದ್ದು ಅದೇ ಒಂದು ಡಬ್ಬಿ ಪಾಯಸ. ಕಾಯಿಲೆಯವರು ಮೆಡಿಕಲ್ ಶಾಪಿಗೆ ಹೋಗಿ ಆಂಟಿಬಯೋಟಿಕ್ ನುಂಗ್ತಾರೆ. ಆಮೇಲೆ ಮಲದ ಮಾದರಿ ತೆಗೆದರೆ ಲ್ಯಾಬಿನಲ್ಲಿ ಏನೂ ಬೆಳೆಯದೇ ಇರಬಹುದು. ಮೊದಲು ಓಆರ್‌ಎಸ್ ಕುಡೀರಿ, ಆಸ್ಪತ್ರೆಗೆ ಹೋಗಿ, ಮಾತ್ರೆಗೆ ಮುಂಚೆ ಮಾದರಿ ಕೊಡಿ. ಮುಚ್ಚಿಡುವ ಜನರನ್ನು ನಾನು ಪೂರ್ತಿ ಬೈಯಲ್ಲ. ಹೇಳಿದರೆ ಪೊಲೀಸ್ ಕೇಸು, ಟಿವಿ ಕ್ಯಾಮೆರಾ, ಬೀಗರ ಎದುರು ಅವಮಾನ. ಯಾರು ತಾನೇ ಬಾಯಿ ಬಿಡ್ತಾರೆ?

ವ್ಯವಸ್ಥೆ ಇಲ್ಲ ಅಂತಲ್ಲ. 2004ರಿಂದ ಕೇಂದ್ರದ ರೋಗ ಸರ್ವೇಕ್ಷಣಾ ಯೋಜನೆ ಇದೆ. ಹಳ್ಳಿಯ ಆರೋಗ್ಯ ಕಾರ್ಯಕರ್ತೆಯರು, ಡಾಕ್ಟರು, ಲ್ಯಾಬಿನವರು ಬೇರೆ ಬೇರೆ ಫಾರಂ ತುಂಬಬೇಕು. 2021ರಿಂದ ಅದೆಲ್ಲ ಆನ್‌ಲೈನ್. ಆದರೆ ಒಂದು ಖಾಸಗಿ ಕ್ಲಿನಿಕ್‌ಗೆ ಮೂವರು, ಇನ್ನೊಂದಕ್ಕೆ ಇಬ್ಬರು, ಮೆಡಿಕಲ್ ಶಾಪಿಗೆ ಹತ್ತು ಜನ ಹೋದರೆ ಈ ಸಂಖ್ಯೆಯನ್ನೆಲ್ಲ ಕೂಡಿಸೋರು ಯಾರು? ಒಬ್ಬ ಡಾಕ್ಟರ ಕಣ್ಣಿಗೆ ಅದು ಬರೀ ಮೂರು ಭೇದಿ ಕೇಸು.

2024ರ ಮೇನಲ್ಲಿ ಮೈಸೂರು ಪಕ್ಕದ ಕೆ. ಸಾಲುಂಡಿಯಲ್ಲಿ ಕಲುಷಿತ ನೀರು ಕುಡಿದು ಊರೇ ಮಲಗಿತು, ಒಬ್ಬ ಯುವಕ ತೀರಿಕೊಂಡ. 2025ರ ಮಾರ್ಚ್‌ನಲ್ಲಿ ನಮ್ಮದೇ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನಲ್ಲಿ, ಹೋಳಿ ಕಾರ್ಯಕ್ರಮಕ್ಕೆ ಮಾಡಿಸಿದ್ದ ಊಟ ತಿಂದು ವಸತಿ ಶಾಲೆಯ ಮಕ್ಕಳು ಆಸ್ಪತ್ರೆ ಸೇರಿದರು. ಮೇಘಾಲಯದಿಂದ ಓದೋಕೆ ಬಂದಿದ್ದ ಇಬ್ಬರು ಮಕ್ಕಳು ವಾಪಸ್ ಹೋಗಲಿಲ್ಲ. ಎರಡೂ ಸಲ ಪೇಪರಿನಲ್ಲಿ ಬಂತು.

ನಾನು ಕೇಳೋದು ಇಷ್ಟೇ. ಇಂಥದ್ದು ಆದ ಮೇಲೆ ತಪಾಸಣೆ ವರದಿಯನ್ನು ಒಂದು ಪುಟ ಕನ್ನಡದಲ್ಲಿ ಬರೆದು ಆಯಾ ಗ್ರಾಮ ಪಂಚಾಯ್ತಿ ಬೋರ್ಡಿಗೆ ಅಂಟಿಸಲಿ. ಯಾವ ಪದಾರ್ಥ ಅಥವಾ ಯಾವ ಪೈಪು, ಯಾವ ರೋಗಾಣು, ಎಷ್ಟು ಜನಕ್ಕೆ, ಏನು ಸರಿಪಡಿಸಿದರು. ಯಾರ ಹೆಸರೂ ಬೇಡ. ನಿಮ್ಮೂರಿನಲ್ಲಿ ಹಾಗೆ ಅಂಟಿಸಿದ್ದನ್ನು ಯಾರಾದರೂ ಕಣ್ಣಾರೆ ನೋಡಿದ್ದರೆ ಕಾಮೆಂಟಿನಲ್ಲಿ ಫೋಟೋ ಹಾಕಿ.