ಎಲೆ ಕಾಯಿಪಲ್ಲೆ ಹೌದೋ ಅಲ್ಲೋ?

ಕಾಯ್ದೆಯೊಳಗಿನ ಶಬ್ದಕ್ಕ ಅರ್ಥ ಏನು ಅನ್ನೋ ಪ್ರಶ್ನೆ ಬಂದ್ರ ಮೇಲ್ಮನವಿ ಕೋರ್ಟಿನವರು ಡಿಕ್ಷನರಿ ತೆಗೆದು ತೀರ್ಪು ಬರೀತಾರ ಅಂತ ನಿಮ್ಮ ಲೇಖನದಾಗ ಬರೆದೀರಿ. ಅಷ್ಟು ಸರಳ ಇಲ್ರಿ. ನಮ್ಮ ಸವಣೂರಿನ ಎಲೆನ ತಗೋರಿ. ಸಸ್ಯಶಾಸ್ತ್ರದ ಲೆಕ್ಕಕ್ಕ ವೀಳ್ಯದೆಲೆನೂ ಸಸ್ಯನ, ಹಂಗಾದ್ರ ಅದೂ ತರಕಾರಿ, ತರಕಾರಿಗೆ ಇಲ್ಲದ ಮಾರಾಟ ತೆರಿಗೆ ಎಲೆಗೂ ಬ್ಯಾಡ ಅಂತ ಮಹಾರಾಷ್ಟ್ರದ ಅಕೋಲಾದ ಎಲೆ ವ್ಯಾಪಾರದವರು ಸುಪ್ರೀಂ ಕೋರ್ಟ್ ತನಕ ಹೋಗಿದ್ರು. 1961ರಾಗ ಕೋರ್ಟ್ ಒಪ್ಪಲಿಲ್ಲ. ಹಿತ್ತಲದಾಗ ಬೆಳೆದು ಊಟಕ್ಕ ಬಳಸೋದು ತರಕಾರಿ, ಜನ ಆಡೋ ಅರ್ಥನ ಹಿಡೀಬೇಕು ಅಂತು. ಖರೇನ ಅದ. ಹಾವೇರಿ ಸಂತ್ಯಾಗ ಎಲೆ ಕಟ್ಟು ಕೊಂಡು ‘ಕಾಯಿಪಲ್ಲೆ ತಂದೆ’ ಅನ್ನೋರು ಯಾರದಾರ?

ಆದ್ರ ನನಗ ಇನ್ನೊಂದು ಕಾರಣ ಹೆಚ್ಚು ಗಟ್ಟಿ ಅನಸ್ತದ. ಆ ಮಾರಾಟ ತೆರಿಗೆ ಕಾಯ್ದೆಯ ವಿನಾಯ್ತಿ ಪಟ್ಟಿಯೊಳಗ ಮೊದಲು ತರಕಾರಿ ಬ್ಯಾರೆ, ವೀಳ್ಯದೆಲೆ ಬ್ಯಾರೆ ಇದ್ದವು. ತಿದ್ದುಪಡಿ ಮಾಡಿ ಎಲೆ ತೆಗೆದುಹಾಕಿದ್ರು. ಎರಡೂ ಒಂದ ಆಗಿದ್ರ ಬ್ಯಾರೆ ಬರೆಯೋದ್ಯಾಕ? ಇದು ಯಾವ ಡಿಕ್ಷನರಿಯಾಗೂ ಸಿಗಂಗಿಲ್ಲ.

ಹಂಗಂತ ಜನರ ಮಾತೇ ಯಾವಾಗಲೂ ಗೆಲ್ಲತದ ಅಂತಲ್ಲ. 1978ರಾಗ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಬೆಂಗಳೂರು ಜಲಮಂಡಳಿ ಕೇಸಿನಾಗ ಆಸ್ಪತ್ರೆ, ಕಾಲೇಜು ಸಹಿತ ಕಾರ್ಮಿಕ ಕಾಯ್ದೆಯ ‘ಉದ್ಯಮ’ದ ವ್ಯಾಖ್ಯೆಯೊಳಗ ಬಂದವು. ಧಾರವಾಡದಾಗ ಕಾಲೇಜಿಗೆ ಹೋಗೋ ಯಾವ ಹುಡುಗ ‘ಉದ್ಯಮಕ್ಕ ಹೊಂಟೇನಿ’ ಅಂತಾನ್ರಿ? ಅಲ್ಲಿ ಜನರ ಮಾತಿಗಿಂತ ಆ ಕಾಯ್ದೆಯ ಉದ್ದೇಶ ಮುಂದ ಬಂತು. ಅದರ ಬಗ್ಗೆ ನೀವು ಒಂದು ಸಾಲೂ ಬರೆದಿಲ್ಲ.